ಎದುರುಮನೆ ಅಕ್ಕನ ಹಗಲು ನಾಟಕ

ಮೊನ್ನೆ ಶಾಲೆಯ ವಾರ್ಷಿಕೋತ್ಸವ ಮುಗಿಸಿಕೊಂಡು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ಟೈಲರಿಂಗ್ ಅಂಗಡಿಗೆ ಬಂದಿದ್ದಳು, ಬಾಡಿಗೆಗೆ ಒಯ್ದ ಜರಿಲಂಗ ವಾಪಸ್ ಕೊಡಲು. ಮಗುವಿನ ಮುಖದ ತುಂಬ ಗುಲಾಬಿ ಬಣ್ಣ. ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಕೆನ್ನೆ ಉಜ್ಜತೊಡಗಿದಳು. ಬಣ್ಣವೂ ಎಣ್ಣೆಯೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಯ ಕತ್ತರಿ ನಿಂತುಬಿಟ್ಟಿತು. ಹೊನ್ನಾಳಿಯ ನಮ್ಮ ಎದುರುಮನೆಯ ಪಡಸಾಲೆಯಲ್ಲಿ ಬೆಳಗಿನ ಹೊತ್ತು ಇದೇ ವಾಸನೆ ಇರುತ್ತಿತ್ತು…

ಎದುರುಮನೆ ಅಕ್ಕ ನಾಟಕದವಳು. ನಮ್ಮ ಕಡೆ ಹಳ್ಳಿಯ ಗಂಡಸರು ಸೇರಿ ನಾಟಕ ಕಲಿಯುತ್ತಾರೆ, ಹೆಣ್ಣಿನ ಪಾರ್ಟು ಮಾಡಲು ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅಕ್ಕ ಹಾಗೆ ಹೋಗುವವಳು. ಇವತ್ತು ಕತ್ತಲಗೆರೆ ಎಂದರೆ ನಾಳೆ ಸೊಕ್ಕೆ. ನಾಟಕದ ದಿನವೇ ಬಸ್ಸಿನಲ್ಲಿ ಹೋಗಿ ಇಳಿದು, ಆ ಊರಿನವರೊಂದಿಗೆ ಒಂದು ಸಲ ಮಾತು ಹೊಂದಿಸಿಕೊಂಡು, ರಾತ್ರಿಯೆಲ್ಲ ಆಡಿ, ಬೆಳಗಿನ ಮೊದಲ ಬಸ್ಸಿಗೆ ವಾಪಸ್. ಬೀದಿಯವರು ಅವಳ ಕೆಲಸವನ್ನು ಮೂತಿ ಸೊಟ್ಟಗೆ ಮಾಡಿಕೊಂಡೇ ಹೇಳುತ್ತಿದ್ದರು. ಅವರೇ ನಾಟಕದ ದಿನ ಮುಂದಿನ ಸಾಲಿಗೆ ಚಾಪೆ ಹಾಸುತ್ತಿದ್ದರು ಎನ್ನುವುದನ್ನೂ ಹೇಳಿಬಿಡುತ್ತೇನೆ.

ನಾನು ಆಗ ಹೊಸದಾಗಿ ಮಷಿನ್ ಇಟ್ಟುಕೊಂಡಿದ್ದೆ. ಅವಳ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ನಾನೇ. ಅಳತೆ ಕೊಡಲು ನಿಂತಾಗಲೇ ಅವಳ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತಿತ್ತು. ಅವಳಿಗೆ ಒಂದೇ ಆಸೆ, ಯಾರಾದರೂ ಬಲ್ಲವರು ತನ್ನ ಪಾರ್ಟನ್ನು ನೋಡಬೇಕು. ಟೀವಿ ಧಾರಾವಾಹಿಯಲ್ಲಿ ಒಂದು ತಾಯಿಯ ಪಾತ್ರ, ಅತ್ತೆಯ ಪಾತ್ರ, ಏನಾದರೂ ಸರಿ. ಯಾರ್ಯಾರದೋ ನಂಬರಿಗೆ ಫೋಟೋ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಳು. ಒಮ್ಮೆ ಬೆಂಗಳೂರಿಗೂ ಹೋಗಿ ಬಂದಳು. ಅಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು, ನಾಲ್ಕು ಮಾತು ಹೇಳಿಸಿ, ದನಿ ಜಾಸ್ತಿಯಾಯಿತು ಎಂದು ಕಳಿಸಿದ್ದರು.

"ಮೈಕು ಎದೆ ಮೇಲೇ ಸಿಗಿಸಿದ್ರು ಕಣೆ. ಆದ್ರೂ ನಾನು ಕೊನೇ ಸಾಲಿನೋರಿಗೆ ಕೇಳಂಗೆ ಕೂಗಿಬಿಟ್ಟೆ. ರೂಢಿ ಬಿಡಾಕೆ ಆಗ್ಲಿಲ್ಲ" ಎಂದು ನಕ್ಕಿದ್ದಳು. ನನಗೆ ನಗು ಬರಲಿಲ್ಲ. ಇನ್ನೊಂದು ಸಲ ಹೇಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಯಾಕೆಂದರೆ ಅವಳಿಗೆ ಕೂಗದೆಯೂ ಆಡಲು ಬರುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ನಾಟಕದಲ್ಲಿ ಅವಳದು ತಾಯಿಯ ಪಾರ್ಟು. ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿರುತ್ತಾಳೆ. ಮಗ ಸತ್ತ ಸುದ್ದಿ ತರುತ್ತಾರೆ. ಬೇರೆಯವರು ಆ ಪಾರ್ಟು ಮಾಡಿದರೆ ಮೊರ ಎಸೆದು ಎದೆ ಬಡಿದುಕೊಳ್ಳುತ್ತಿದ್ದರು. ಅಕ್ಕ ಏನೂ ಮಾಡುತ್ತಿರಲಿಲ್ಲ. ಕೇಳಿಸಲೇ ಇಲ್ಲವೇನೋ ಎಂಬಂತೆ ಅಕ್ಕಿ ಆರಿಸುತ್ತಲೇ ಇರುತ್ತಿದ್ದಳು. ಬರಬರುತ್ತ ಬೆರಳು ತಪ್ಪಿ, ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯನ್ನೇ ಆರಿಸಿ ಆರಿಸಿ ನೆಲಕ್ಕೆ ಹಾಕುತ್ತಿದ್ದಳು. ಅಷ್ಟೆ. ಕಡಲೆಕಾಯಿ ಮಾರುವವನೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ.

ಅವಳು ಬೆಂಗಳೂರಿಗೆ ಹೋಗಿ ಬಂದ ವರ್ಷವೇ ನದಿ ತೀರದಲ್ಲಿ ಚಿತ್ರೀಕರಣಕ್ಕೆ ಜಾಗ ನೋಡಲು ಧಾರಾವಾಹಿಯ ನಿರ್ದೇಶಕರೊಬ್ಬರು ನ್ಯಾಮತಿ ಕಡೆಯ ಒಂದು ಹಳ್ಳಿಗೆ ಬರುವವರಿದ್ದರು. ಆ ಊರಿನಲ್ಲಿ ಅಕ್ಕ ಎಷ್ಟೋ ಸಲ ಆಡಿದ್ದಳು. ಊರವರೇ ಅವರಿಗೆ ಫೋನಿನಲ್ಲೇ ಇವಳ ವಿಷಯ ಹೇಳಿದರು. ಅವರು, ನೋಡೋಣ, ಆದರೆ ಸಂಜೆಯೊಳಗೆ ಹೊರಡಬೇಕು ಎಂದರಂತೆ. ನಮ್ಮ ಕಡೆ ಹಗಲು ಹೊತ್ತು ನಾಟಕ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಆದರೂ ಊರವರು ಅಕ್ಕನಿಗಾಗಿ ಒಪ್ಪಿದರು. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ, ಅಕ್ಕಿ ಆರಿಸುವ ಆ ಒಂದು ಸೀನು ಮಾತ್ರ ಆಡುವುದೆಂದು ತೀರ್ಮಾನಿಸಿದರು. ಅಕ್ಕ ಮನೆಯಿಂದಲೇ ಅಕ್ಕಿ ತಂದಿದ್ದಳು. ನಾನು ಜೊತೆಗೆ ಹೋದೆ.

ನಿರ್ದೇಶಕರು ಮಧ್ಯಾಹ್ನವೇ ಬಂದರು. ಬಂದವರನ್ನು ಸುಮ್ಮನೆ ಕುರ್ಚಿಯಲ್ಲಿ ಕೂರಿಸಿ ನಾಟಕ ತೋರಿಸಿ ಕಳಿಸಿದರೆ ಊರಿನ ಮರ್ಯಾದೆ ಏನಾಗಬೇಕು? ಮೊದಲು ಸ್ವಾಗತ, ಆಮೇಲೆ ದೀಪ, ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ನಾಟಕ ಸಂಘದ ಅಧ್ಯಕ್ಷರು ಮೈಕ್ ಹಿಡಿದು ಊರಿನ ಇತಿಹಾಸವನ್ನು ಕೆರೆ ಕಟ್ಟಿಸಿದಲ್ಲಿಂದ ಶುರುಮಾಡಿದರು. ಪರದೆಯ ಹಿಂದೆ ಅಕ್ಕ ಬಣ್ಣ ಹಚ್ಚಿಕೊಂಡು, ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಸಿಲಿಗೆ ಬಣ್ಣ ಬೆವೆತು ಇಳಿಯುತ್ತಿತ್ತು, ನಾನು ಸೆರಗಿನಿಂದ ಒತ್ತಿ ಒತ್ತಿ ಒರೆಸುತ್ತಿದ್ದೆ.

ಕೊನೆಗೂ ಪರದೆ ಸರಿಯಿತು. ಅಕ್ಕ ಅಕ್ಕಿಗೆ ಕೈ ಹಾಕಿದಳು. ಒಂದೆರಡು ಮಾತು ಆಗಿತ್ತೋ ಇಲ್ಲವೋ, ಮೈಕ್ ಗುರುಗುಟ್ಟಿತು. ಯುವಕ ಸಂಘದವರಿಂದ ಈ ಕಲಾವಿದೆಗೆ ಹಾರ. ಇದು ನಮ್ಮ ಕಡೆಯ ಪದ್ಧತಿ. ಪಾರ್ಟು ಮೆಚ್ಚಿದವರು ಸೀನಿನ ನಡುವೆಯೇ ವೇದಿಕೆ ಹತ್ತಿ ಸನ್ಮಾನ ಮಾಡುತ್ತಾರೆ, ಹೆಸರು ಕೂಗಿಸುತ್ತಾರೆ, ಪಾರ್ಟಿನವರು ಎದ್ದು ನಿಂತು ಕೈ ಮುಗಿಯಬೇಕು. ಅಕ್ಕ ಎದ್ದಳು, ಮುಗಿದಳು, ಕೂತಳು, ಮತ್ತೆ ಮೊದಲಿನಿಂದ ಶುರುಮಾಡಿದಳು. ಅಷ್ಟರಲ್ಲಿ ಮಹಿಳಾ ಸಂಘ. ಆಮೇಲೆ ಹಾಲಿನ ಡೈರಿಯವರು. ಆಮೇಲೆ ಮೇಲಿನ ಕೇರಿಯವರು, ಅವರು ಹಾಕಿದ ಮೇಲೆ ಕೆಳಗಿನ ಕೇರಿಯವರು ಬಿಡುತ್ತಾರೆಯೇ?

ನಾನು ವೇದಿಕೆಯ ಪಕ್ಕಕ್ಕೆ ಓಡಿದೆ. "ಅಣ್ಣಾರ, ಸ್ವಲ್ಪ ನಿಲ್ಲಿಸ್ರಿ. ಅಕ್ಕ ಪಾರ್ಟ್ ಮಾಡ್ಲಿ. ಅವರು ಹೊರಡೋ ಹೊತ್ತಾತು."

ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು ಪ್ರೀತಿಯಿಂದಲೇ ಹೇಳಿದರು. "ಆಕೆ ಒಳ್ಳೇದಕ್ಕೇ ಅಲ್ಲೇನವ್ವ ಇದೆಲ್ಲ? ಈ ಊರಾಗೆ ಆಕೆಗೆ ಎಷ್ಟು ಬೆಲೆ ಐತೆ ಅಂತ ಅವರಿಗೆ ಗೊತ್ತಾಗಾಕೆ ಬೇಕಲ್ಲ."

ಹಾರಗಳು ಅಕ್ಕನ ಗಲ್ಲದವರೆಗೆ ಬಂದವು. ಮೊರ ಕಾಣುತ್ತಿರಲಿಲ್ಲ. ತೆಗೆದಿಟ್ಟರೆ ಕೊಟ್ಟವರಿಗೆ ಬೇಜಾರು. ಕೆಳಗೆ ನಿರ್ದೇಶಕರ ಕಾರಿನ ಡ್ರೈವರ್ ಗಡಿಯಾರ ತೋರಿಸಿದ. ನಿರ್ದೇಶಕರು ಎದ್ದು, ನಿಮ್ಮ ಊರಿನ ಅಭಿಮಾನ ಕಂಡು ಸಂತೋಷವಾಯಿತು ಎಂದು ಅಕ್ಕನಿಗೆ ಕೈ ಮುಗಿದರು. ಹೋಗುತ್ತ ಅಧ್ಯಕ್ಷರ ಭುಜದ ಮೇಲೆ ಕೈ ಹಾಕಿದರು. "ಯಜಮಾನ್ರೇ, ನೀವು ಮಾತಾಡೋ ರೀತಿ ತುಂಬಾ ಸಹಜವಾಗಿದೆ. ನಮ್ಮ ಕತೇಲಿ ಊರಗೌಡನ ಪಾತ್ರ ಒಂದಿದೆ, ಮಾಡ್ತೀರಾ?"

ಅಧ್ಯಕ್ಷರು ಮಾಡಿದರು. ನಾಲ್ಕಾರು ಸಂಚಿಕೆಗಳಲ್ಲಿ ಟೀವಿಯಲ್ಲಿ ಬಂದರು. ನಮ್ಮ ಮನೆಯಲ್ಲಿ ಎಲ್ಲರೂ ನೋಡಿದರು, ನಾನು ಎದ್ದು ಹೋಗಿ ಮಷಿನ್ ತುಳಿದೆ.

ಆ ದಿನ ಕಾರು ಹೋದ ಮೇಲೆ ಅಕ್ಕ ಒಂದೊಂದೇ ಹಾರ ತೆಗೆದು ಪಕ್ಕಕ್ಕಿಟ್ಟಳು. ಮೊರ ಎತ್ತಿಕೊಂಡು ಕೂತಳು. ಸುದ್ದಿ ತರುವ ಪಾರ್ಟಿನವನಿಗೆ ಬಾ ಎಂದು ಕಣ್ಣಲ್ಲೇ ಕರೆದಳು. ಮಾಡಿದಳು, ಇಡೀ ಸೀನು. ಮೈಕಿನ ನೆನಪು ಯಾರಿಗೂ ಇರಲಿಲ್ಲ. ಅಧ್ಯಕ್ಷರು ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ, "ಛೇ, ಇದನ್ನ ಅವರು ನೋಡ್ಬೇಕಿತ್ತು" ಎಂದರು.

ವಾಪಸ್ ಬರುವಾಗ ನಾನು ಬಸ್ಸಿನ ತುಂಬ ಕೇಳಿಸುವಂತೆ ಊರವರನ್ನೆಲ್ಲ ಬೈದೆ. ಅಕ್ಕ ಹಾರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಬೈಬ್ಯಾಡ ಕಣೆ. ಪ್ರೀತಿಗೆ ಮಾಡಿದ್ದು."

"ಪ್ರೀತಿ ಇದ್ರೆ ಬಾಯಿ ಮುಚ್ಕಂಡು ನೋಡಾಕೆ ಆಗ್ತಿರ್ಲಿಲ್ವಾ?"

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಕೇಳಬಾರದಿತ್ತೇನೋ… ಗೊತ್ತಿಲ್ಲ. ಆಮೇಲೆ ಅವಳು ಯಾರಿಗೂ ಫೋಟೋ ಕಳಿಸಿದ್ದು ನಾನು ಕಾಣೆ. ನಾಟಕಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಅದನ್ನೂ ಬಿಟ್ಟು ಜಗಳೂರಿನಲ್ಲಿ ತಂಗಿಯ ಮನೆಗೆ ಹೋದಳು. ನಾನೂ ನ್ಯಾಮತಿಗೆ ಬಂದು ಅಂಗಡಿ ಹಾಕಿದೆ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯ ಸಲ ಮುಖ ನೋಡಲಿಲ್ಲ ಎಂಬ ಸಂಕಟ ಇನ್ನೂ ಇದೆ.

ಆ ಊರಿನವರು ಯಾರೋ ಅವಳ ವಿಡಿಯೋ ಒಂದನ್ನು ಓಂ ಶಾಂತಿ ಎಂದು ಬರೆದು ವಾಟ್ಸಾಪಿನಲ್ಲಿ ಹಂಚಿದ್ದರು. ಅಂಗಡಿಯಿಂದ ಆ ಮಗು ಹೋದ ಮೇಲೆ ಮತ್ತೆ ತೆಗೆದು ನೋಡಿದೆ. ಅದೇ ಹಗಲು, ಅದೇ ಶಾಮಿಯಾನ. ಗಲ್ಲದವರೆಗೆ ಹಾರ ಹಾಕಿಸಿಕೊಂಡು ಅಕ್ಕ ಕೈ ಮುಗಿದು ನಿಂತಿದ್ದಾಳೆ, ಯಾರದೋ ಹೆಸರು ಕೂಗುವುದು ಮುಗಿಯಲೆಂದು ಕಾಯುತ್ತಿದ್ದಾಳೆ. ಅಲ್ಲಿಗೆ ವಿಡಿಯೋ ನಿಲ್ಲುತ್ತದೆ.

ಆಮೇಲಿನದನ್ನು ಹಿಡಿದವರು ಯಾರಾದರೂ ಇದ್ದಾರೆಯೇ ಎಂದು ಆ ಊರಿನ ಎಷ್ಟು ಜನರನ್ನು ಕೇಳಿದೆನೋ. ಯಾರ ಹತ್ತಿರವೂ ಇಲ್ಲ. ನನ್ನ ಹತ್ತಿರವೂ ಇಲ್ಲ. ಆಗ ಯಾರೂ ಫೋನ್ ಎತ್ತಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತ ಕೂತಿದ್ದೆವು.