ಶಂಖ ತಣ್ಣಗಾಗೋ ತನಕ

ಆ ಗಾಡಿ ನಮ್ಮ ಶೆಡ್ಡಿಗೆ ಬಂದಾಗ ಅದರೊಳಗ ಕೋಳಿ ಮೊಟ್ಟಿ ಇಟ್ಟಿತ್ತು. ಮುಂದಿನ ಸೀಟು ಹರಿದು ಸ್ಪ್ರಿಂಗ್ ಮ್ಯಾಲ ಬಂದಿದ್ದುವು, ಅದರ ನಡುವ. ನಾನು ಮೊಟ್ಟಿ ತಗದು ಸೆರಗಿನಾಗ ಹಾಕ್ಕೊಂಡೆ. ನನ್ನ ಗಂಡ ಗಾಡಿ ನೋಡಲಿಲ್ಲ, ತಮ್ಮನ ಮುಖ ನೋಡಿದ.

"ಬಳ್ಳಾರಿ ಜಿಲ್ಲಾದಾಗ ನಿನಗ ಬ್ಯಾರೆ ಗಾಡಿ ಸಿಗಲಿಲ್ಲೇನಲೇ? ಹೆಣದ ಗಾಡಿನ ಬೇಕಾಗಿತ್ತ?"

ಮೈದುನ ಕರೂರಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡು ಬಂದಿದ್ದ. ಬಗ್ಗಿ ಹಗ್ಗ ಬಿಚ್ಚಾಕ ಹತ್ತಿದ.

ಹೆಣದ ಗಾಡಿ ಅಂದದ್ದು ಬೈಗಳ ಅಲ್ಲ, ಖರೇ ಮಾತು. ಅದರ ಹಿಂದಿನ ಸೀಟಿನಾಗ ಒಬ್ಬ ಮನುಷ್ಯ ಸತ್ತಿದ್ದ. ಅವಾಗ ಗಾಡಿ ಹೊಡೀತಿದ್ದವ ನನ್ನ ಮೈದುನನ.

ಎಂಬತ್ತರ ಆಚೀಚೆ ಮಾತು ಇದು. ಸಿರುಗುಪ್ಪ ರಸ್ತಾದ ಬಾಜೂಕ ನಮ್ಮ ಶೆಡ್ಡು, ಹಿಂದ ಮನಿ. ಗಂಡ ಲಾರಿ ಇಂಜಿನ್ ಬಿಚ್ಚತಿದ್ದ, ನಾನು ಸಾಮಾನು ಸೀಮೆಎಣ್ಣ್ಯಾಗ ತೊಳೀತಿದ್ದೆ. ಸಾಲಿ ಕಲ್ತಾಕಿ ಅಲ್ಲ, ಆದ್ರ ಯಾವ ಸಾಮಾನು ಎಲ್ಲಿ ಕುಂದರತೈತಿ ಅಂತ ಕೈಗೆ ಗೊತ್ತಿತ್ತು. ಮೈದುನ ಕರೂರಿನ ಅಕ್ಕಿ ಮಿಲ್ಲಿನ ಸಾವ್ಕಾರನ ಹತ್ರ ಕಾರಿನ ಡ್ರೈವರ್ ಆಗಿದ್ದ. ಸಾವ್ಕಾರ ಕೆಟ್ಟಾತ ಅಲ್ಲ. ಒಂದ ಚಾಳಿ, ಪೆಟ್ರೋಲ್ ಉಳಿಸೋದು. ಗಾಡಿ ಎಲ್ಲಿ ನಿಂತ್ರೂ, ಗೇಟ್ ತಗಿಯಾಕ ನಿಂತ್ರೂ, ಎಮ್ಮಿ ದಾಟಾಕ ನಿಂತ್ರೂ, ಹಿಂದಿಂದ "ಬಂದ್ ಮಾಡಲೇ" ಅಂತಿದ್ದ. ಅದನ್ನ ಕೇಳಿ ಕೇಳಿ ಮೈದುನ ನಮ್ಮ ಮನ್ಯಾಗ ಉಣ್ಣೋ ಹೊತ್ನಾಗೂ ಅಣಕ ಮಾಡತಿದ್ದ. ನಾನು ಇನ್ನೊಂದು ರೊಟ್ಟಿ ಹಾಕಾಕ ಹೋದ್ರ, "ಅತ್ತಿಗಿ, ಬಂದ್ ಮಾಡಲೇ" ಅಂತಿದ್ದ. ನಗತಿದ್ವಿ.

ಒಂದು ಮಳಿಗಾಲದ ಸಂಜಿ ಸಾವ್ಕಾರಗ ಎದಿ ಹಿಡೀತು. ಹೆಂಡತಿ ತೊಡಿ ಮ್ಯಾಲ ತಲಿ ಇಟ್ಟು ಹಿಂದಿನ ಸೀಟಿನಾಗ ಮಲಗಿಸಿ ಸಿರುಗುಪ್ಪದ ಆಸ್ಪತ್ರಿಗೆ ಹೊಂಟರು. ನಡುವ ರಸ್ತಾ ಇಳಿಜಾರಾಗೋ ಕಡೆ ಹಳ್ಳ ತುಂಬಿ ಬಂದಿತ್ತು. ಎರಡೂ ಕಡೆ ಎರಿ ಹೊಲ. ಎರಿ ಮಣ್ಣು ಒಣಗಿದಾಗ ಕಲ್ಲು, ತೊಯ್ದಾಗ ಬೆಣ್ಣಿ. ನೀರು ಎಷ್ಟೈತಿ ನೋಡಾಕ ಮೈದುನ ಗಾಡಿ ನಿಲ್ಲಿಸಿದ. ನಿಲ್ಲಿಸಿದಾವ ಇಂಜಿನ್ನೂ ಬಂದ್ ಮಾಡಿದ. ಆಮ್ಯಾಲ ಗಾಡಿ ಚಾಲೂ ಆಗಲಿಲ್ಲ. ನೂಕಿದ್ರ ಚಕ್ರ ಹೂತು ಹೋದುವು. ಹೊಲದಾಗಿನವರು ಎತ್ತು ತಂದು ಎಳಿಯೋದ್ರಾಗ ಸಾವ್ಕಾರ ಹೋಗಿದ್ದ.

ಸತ್ತ ಮ್ಯಾಲಿನ ಶಿವಗಣಾರಾಧನಿ ದಿನ ಮಠದ ಸ್ವಾಮಿಗಳು ಬಂದು, ಶಿವಾ ಅಂತ ಪ್ರಾಣ ಬಿಟ್ಟ ಪುಣ್ಯವಂತ ಅಂತ ಸಾವ್ಕಾರನ್ನ ಹೊಗಳಿದ್ರು. ಕಡೀ ಉಸಿರಿಗೆ ಶಿವನ ಹೆಸರು ಬಂತು ಅಂತ ಹೆಂಡತಿನ ಹೇಳಿದ್ಲು. ನಮ್ಮ ಮಂದ್ಯಾಗ ಅದಕ್ಕಿಂತ ದೊಡ್ಡದು ಇಲ್ಲ. ಸಾವ್ಕಾರಗ ಪುಣ್ಯ ಬಂತು, ಪಾಪ ಎಲ್ಲಾ ನನ್ನ ಮೈದುನನ ಪಾಲಿಗೆ ಬಂತು. ಸಾಯೋ ಮನುಷ್ಯನ್ನ ಒಳಗಿಟಗೊಂಡು ಯಾರಾರ ಇಂಜಿನ್ ಬಂದ್ ಮಾಡ್ತಾರೇನು? ಕೇಳಿದವರೆಲ್ಲಾ ಇದನ್ನ ಕೇಳಿದ್ರು. ಇವ ಒಂದ ಮಾತು ಹೇಳತಿದ್ದ, "ಹೌದು, ನಾನ ಬಂದ್ ಮಾಡೀನಿ." ಅದರ ಮುಂದ ಬಾಯಿ ತಗೀತಿದ್ದಿಲ್ಲ.

ಮಿಲ್ಲಿನ ಕೆಲಸ ಹೋತು. ಬಾದನಹಟ್ಟ್ಯಾಗ ಗೊತ್ತಾಗಿದ್ದ ಹೆಣ್ಣೂ ಹೋತು. ಆಕಿ ಅಪ್ಪ ನಮ್ಮ ಶೆಡ್ಡಿಗೆ ಬಂದು ಕುಂದರಲೂ ಇಲ್ಲ.

"ಸಾವ್ಕಾರನ್ನ ಹಾದ್ಯಾಗ ಕೆಡವಿದಾತ, ನಾಳಿ ನನ್ನ ಮಗಳನ್ನ ಎಲ್ಲಿ ಕೆಡವ್ತಾನೋ ಏನೋ," ಅಂದ.

ಒಲಿ ಮ್ಯಾಲ ಚಾ ಕುದೀತಿತ್ತು. ನಾನು ಕೊಡಲಿಲ್ಲ.

ಮುಂದ ಎರಡು ಮಳಿಗಾಲ ಗಾಡಿ ಮಿಲ್ಲಿನ ಅಂಗಳದಾಗ ನಿಂತಿತ್ತು. ಯಾರೂ ತಗೊಳ್ಳಲಿಲ್ಲ. ಒಂದಿನ ಸಾವ್ಕಾರನ ಹೆಂಡತಿ ಮೈದುನಗ ಹೇಳಿ ಕಳಿಸಿದ್ಲು. ಗಾಡಿ ಒಯ್ಯಿ, ರೊಕ್ಕದ ಮಾತು ಬ್ಯಾಡ. ಹಿಂದಿನ ಸೀಟು ಬದಲಿ ಮಾಡಬ್ಯಾಡ. ಗಾಡಿ ತಯಾರಾದ ಮ್ಯಾಲ ಹಳ್ಳ ಬಂದ ದಿನ ನನ್ನನ್ನ ಕುಂದ್ರಿಸಿಕೊಂಡು ಅದ ಹಾದಿಲೆ ಸಿರುಗುಪ್ಪಕ್ಕ ಕರ್ಕೊಂಡು ಹೋಗು. ದಾಟಾಕ ಆಗತಿತ್ತೋ ಇಲ್ಲೋ, ನಾನು ನೋಡಬೇಕು.

"ದಾಟಿದ್ರ ಏನಾಗತೈತಲೇ? ಸತ್ತಾತ ಎದ್ದು ಬರ್ತಾನೇನು?" ಅಂದ ನನ್ನ ಗಂಡ.

"ದಾಟಲಿಲ್ಲಂದ್ರ ನನ್ನ ತಪ್ಪಿಲ್ಲ ಅಂತ ಗೊತ್ತಾಗತೈತಿ ಅಣ್ಣ. ದಾಟಿದ್ರ ತಪ್ಪು ಐತಿ ಅಂತ ಗೊತ್ತಾಗತೈತಿ."

"ಹಂಗಾರ ದಾಟಬಾರದು ಅಂತ ಕಟ್ಟೋಣೇನು ಗಾಡಿನ?"

"ಇಲ್ಲ. ದಾಟಂಗ ಕಟ್ಟಬೇಕು."

ಗಂಡ ತಲಿ ಕೆರಕೊಂಡ. ಕೆಲಸ ಇಲ್ಲದ ತಮ್ಮಗ ದಿನಾ ಕುರುಗೋಡಿಗೆ ಬಾಡಿಗಿ ಹೊಡಿಯಾಕೂ ಬರಬೇಕು, ಕೆಸರಾಗೂ ನಿಲ್ಲಬಾರದು, ಅಂಥಾ ಗಾಡಿ ಅಂದ್ರ ಹೆಂಗ? ಆದ್ರೂ ಮರುದಿನ ಬೋನೆಟ್ ಎತ್ತಿದ.

ನಿಂತು ನಿಂತು ಕೆಟ್ಟಿದ್ದ ಹಳೇ ಪೆಟ್ರೋಲ್ ಇಂಜಿನ್ ಇಳಿಸಿ ಮುರಕಲು ವ್ಯಾನಿಂದು ಡೀಸೆಲ್ ಇಂಜಿನ್ ಕೂಡಿಸಿದ್ರು. ಅದು ಗಟ್ಟಿ, ಆದ್ರ ಮಬ್ಬು. ಮೈದುನ ಗಣಿ ಕಡೆ ಗುಜರ್ಯಾಗ ತಿರುಗಾಡಿ ಕಬ್ಬಿಣದ್ದೊಂದು ಸಾಮಾನು ತಂದ. ಟರ್ಬೊ ಅಂದ. ನೋಡಾಕ ಶಂಖ ಇದ್ದಂಗ ಇತ್ತು, ಶೆಡ್ಡಿನಾಗ ಎಲ್ಲಾರೂ ಶಂಖ ಅಂತನ ಕರದ್ವಿ. ಅದರ ಹುನ್ನಾರ ದೊಡ್ಡದೇನಲ್ಲ. ಹೊಗಿ ಹೊರಗ ಹೋಗೋವಾಗ ಒಂದು ಚಕ್ರ ತಿರುಗಸತೈತಿ, ಆ ಚಕ್ರ ಇಂಜಿನ್ನಿಗೆ ಗಾಳಿ ನೂಕತೈತಿ. ಗಾಡಿ ಹೊಡದ್ರ ಮೊದಲು ಏನೂ ಇಲ್ಲ. ಒಂದು ಗಳಿಗಿ ಆದ ಮ್ಯಾಲ ಸಣ್ಣಗ ಸಿಳ್ಳು ಹಾಕಿ, ಹಿಂದಿಂದ ಯಾರೋ ಎರಡೂ ಕೈ ಹಚ್ಚಿ ನೂಕಿದಂಗ ಮುಂದಕ್ಕ ಜಿಗೀತೈತಿ.

ಅದಕ್ಕ ಒಂದು ನೇಮ ಇತ್ತು. ಜೋರು ಓಡಿಸಿ ಬಂದು ತಟ್ಟನ ಬಂದ್ ಮಾಡಬಾರದು. ಒಳಗ ಕೆಂಡ ಆಗಿರತೈತಿ, ಎಣ್ಣಿ ನಿಂತ್ರ ಸುಟ್ಟು ಕಚ್ಕೊಂತೈತಿ. ನಿಂತ ಮ್ಯಾಲೂ ಇಂಜಿನ್ನು ಸುಮ್ಮನ ಓಡತಿರಬೇಕು, ಶಂಖ ತಣ್ಣಗಾಗೋ ತನಕ. ಇದನ್ನ ಗಂಡ ಹೇಳಿದಾಗ ಮೈದುನ ನಕ್ಕ. ಎರಡು ವರ್ಷದಾಗ ಅವ ನಕ್ಕದ್ದು ಅದ ಮೊದಲು. ಆ ನಗು ನನಗ ಹಿಡಿಸಲಿಲ್ಲ.

ಕುರುಗೋಡಿಗೆ ಹೋಗಿ ಬಂದ ಮೊದಲನೇ ದಿನನ ಶೆಡ್ಡಿನ ಮುಂದ ನಿಂತು ಸ್ಟಾಪ್ ಗುಂಡಿ ಎಳದಬಿಟ್ಟ. ಶಂಖ ಕಚ್ಕೊಂತು. ಗಂಡ ಕೈಯಾಗಿನ ಪಾನಾ ಒಗದು ಬೈದ, "ಬುದ್ಧಿ ಐತೇನಲೇ? ನಿನ್ನಿ ಬಡಕೊಂಡೀನಿ!" ಇವ ತನ್ನ ಕೈ ತಾನ ನೋಡಕೊಂತ ನಿಂತಿದ್ದ. ಆಮ್ಯಾಲ ನಾನು ಸೀಮೆಎಣ್ಣ್ಯಾಗ ಅದರ ಚಕ್ರ ತಿಕ್ಕೋವಾಗ ಬಾಜೂಕ ಬಂದು ಕುಂತ.

"ಅತ್ತಿಗಿ, ಹಿಂದಿಂದ ಬಂದ್ ಮಾಡಲೇ ಅಂದಂಗಾತು. ಕೈ ತಾನ ಹೋತು."

"ಹಿಂದ ಯಾರಿದ್ರು?"

"ಯಾರೂ ಇದ್ದಿಲ್ಲ."

"ಹಂಗಾರ ಸುಮ್ಮನಿರು. ಆ ಬ್ರಷ್ ಕೊಡು."

ನಾನು ದೆವ್ವ ನಂಬಾಕಿ ಅಲ್ಲ. ಆದ್ರ ಕಂಡದ್ದು ಹೇಳತೀನಿ. ಆ ಹಿಂದಿನ ಸೀಟು ಸೀಗಿಕಾಯಿ ಹಾಕಿ ತಿಕ್ಕಿ ಬಿಸಲಾಗ ಒಣಗಿಸಿದ್ದೆ. ಬ್ಯಾಸಿಗ್ಯಾಗ ಏನೂ ಇದ್ದಿಲ್ಲ. ಮಳಿ ಹನಿ ಬಿದ್ದ ದಿನ ತೌಡಿನ ನಾತ ಏಳತಿತ್ತು, ಮಿಲ್ಲಿನಾಗ ಕುಂತಂಗ. ಇನ್ನೊಂದು. ಕುರುಗೋಡಿನ ಮಂದಿ ಬಾಡಿಗಿಗೆ ಹತ್ತತಿದ್ರಲ್ಲ, ಹಿಂದ ಇಬ್ಬರು ಹತ್ತಿದ್ರ ಆ ತುದಿಗೊಬ್ಬರು ಈ ತುದಿಗೊಬ್ಬರು ಕುಂದರತಿದ್ರು. ನಡುವ ಜಾಗ ಬಿಡತಿದ್ರು. ಯಾರೂ ಹೇಳಿದ್ದಿಲ್ಲ. ಗಾಡಿ ಯಾರದು ಅಂತ ಗೊತ್ತಿಲ್ಲದವರೂ ಬಿಡತಿದ್ರು.

ಮಳಿ ಬಂದು ಬಿಟ್ಟ ಮ್ಯಾಲ ಮೈದುನ ಕೊಳಗಲ್ಲಿನ ಹತ್ರ ಬೀಳು ಹೊಲಕ್ಕ ಗಾಡಿ ಒಯ್ಯತಿದ್ದ. ಕೆಸರಾಗ ಜಾರೋದನ್ನ ಬಿಡಿಸಾಕ ಹೋಗಬಾರದು, ಜಾರಾಕ ಬಿಟ್ಟು ನಮಗ ಬೇಕಾದ ಕಡೆ ಜಾರಿಸಬೇಕು ಅಂತಿದ್ದ. ಹಿಂದಿನ ಚಕ್ರ ಒಂದು ಕಡೆ ಬೀಸತಿದ್ದುವು, ಇವ ಸ್ಟೇರಿಂಗ್ ಉಲ್ಟಾ ತಿರುಗಸತಿದ್ದ, ಗಾಡಿ ಅಡ್ಡ ಆಗಿ ಏಡಿಯಂಗ ಓಡತಿತ್ತು. ಹಿಂದ ಭಾರ ಬೇಕಂತ ನನ್ನನ್ನ ಕುಂದ್ರಸತಿದ್ದ.

"ಅಕ್ಕಿ ಮೂಟಿ ಹಾಕಪಾ, ನಾನ್ಯಾಕ?"

"ಮೂಟಿ ಬೈಯಂಗಿಲ್ಲ ಅತ್ತಿಗಿ. ನೀವು ಬೈದ್ರ ಬ್ಯಾರೆ ಮಾತು ಕೇಳಸಂಗಿಲ್ಲ."

ಅದಕ್ಕ ನಾನು ಬಾಯಿಗೆ ಬಂದಂಗ ಬೈತಿದ್ದೆ. ನನ್ನ ತಲಿ ಟಾಪಿಗೆ ಬಡೀತಿತ್ತು. ನಾನೂ ನಡುವ ಕುಂದರತಿದ್ದಿಲ್ಲ, ಬಾಗಲಿಗೆ ಆತು ಕುಂದರತಿದ್ದೆ. ಯಾಕಂದ್ರ ಹೇಳಾಕ ಬರಂಗಿಲ್ಲ.

ಆ ವರ್ಷ ದೊಡ್ಡ ಮಳಿ ತಡ ಆತು. ಬಂದಾಗ ಒಮ್ಮೆಲೆ ಬಂತು. ಕರೂರಿನ ಹಳ್ಳ ಬಂದೈತಿ ಅಂತ ಬಸ್ಸಿನವರು ಹೇಳಿದ್ರು. ಮೈದುನ ಉಣ್ಣೋದು ಬಿಟ್ಟು ಎದ್ದ. ಹೆಣ್ಮಗಳು ಒಬ್ಬಾಕಿನ ಬರ್ತಾಳ, ನೀನೂ ಹೋಗು ಅಂತ ಗಂಡ ನನ್ನನ್ನ ಕಳಿಸಿದ. ದೊಡ್ಡ ಸುತ್ತು ಹಾಕಿ, ಹಳ್ಳ ಅಡ್ಡ ಬರಲಾರದ ಹಾದಿಲೆ ಕರೂರು ಮುಟ್ಟಿದ್ವಿ.

ಸಾವ್ಕಾರನ ಹೆಂಡತಿ ಕಟ್ಟಿ ಮ್ಯಾಲ ತಯಾರಾಗಿ ಕುಂತಿದ್ಲು. ನನಗ "ಬಾ ತಂಗಿ" ಅಂದ್ಲು. ಇವನ ಕಡೆ ನೋಡಲಿಲ್ಲ. ಗಾಡಿ ಹತ್ತಿ, ಎಡಕಿನ ಬಾಗಲಿಗೆ ಸರದು, ಸೀರಿ ನಿರಗಿ ಸರಿ ಮಾಡಿ ತೊಡಿ ಮ್ಯಾಲ ಎರಡೂ ಕೈ ಇಟ್ಟುಕೊಂಡ್ಲು. ಖಾಲಿ ಕೈ ಅಲ್ಲ. ಏನೋ ಹಿಡಕೊಂಡಂಗ, ಒಂದು ಕೈ ಮ್ಯಾಲ, ಒಂದು ಕೈ ಕೆಳಗ. ನಾನು ಮುಂದ ಹೋಗಿ ಕುಂತೆ.

ಇಳಿಜಾರಿನ ಕಡೆ ನಾಕಾರು ಮಂದಿ ಟವಲ್ ಬೀಸಿ ಕೂಗಿದ್ರು, "ನಿಲ್ಲಸ್ರೋ, ನೀರು ಐತಿ, ನಿಲ್ಲಸ್ರೋ!" ಹಳ್ಳ ರಾಡಿಯಾಗಿ ಹರೀತಿತ್ತು. ಮೈದುನನ ಕಾಲು ನೋಡಿದೆ. ಬ್ರೇಕ್ ಮ್ಯಾಲ ಹೋಗಲಿಲ್ಲ. ಗಾಡಿ ಬಾಲ ಬೀಸಿತು, ನಾವು ಅಡ್ಡ ಆದ್ವಿ, ನನ್ನ ಕಡೆ ಕಿಟಕ್ಯಾಗ ಹಳ್ಳನ ಬಂತು. ನಾನು ಬೈಯಾಕ ಬಾಯಿ ತಗದೆ. ಹಿಂದ ಯಾರೋ ಉಸಿರು ಎಳದಂಗ ಆತು. ಆಕಿದೋ ಏನೋ. ಅಷ್ಟರಾಗ ಶಂಖ ಸಿಳ್ಳು ಹಾಕಿತು, ಹಿಂದಿಂದ ನೂಕಿತು. ನೀರು ಟಾಪಿನ ಮ್ಯಾಲ ಹಾರಿತು. ಆಚೆ ದಂಡಿ ಹತ್ತಿದ್ವಿ.

ಅವ ಅಲ್ಲೂ ನಿಲ್ಲಿಸಲಿಲ್ಲ. ಸಿರುಗುಪ್ಪದ ಆಸ್ಪತ್ರಿ ಅಂಗಳದಾಗ, ಬೇವಿನ ಗಿಡದ ಕೆಳಗ ನಿಲ್ಲಿಸಿದ. ಅವತ್ತೂ ನಿಲ್ಲಿಸದಿದ್ರ ದಾಟಾಕ ಆಗತಿತ್ತು ಅನ್ನೋದು ಮೂರೂ ಮಂದಿಗೆ ಗೊತ್ತಾಗಿತ್ತು.

ಇಂಜಿನ್ನು ಓಡತಿತ್ತು. ಯಾರೂ ಇಳೀಲಿಲ್ಲ. ತೌಡಿನ ನಾತ ತುಂಬಿತ್ತು.

"ಬಂದ್ ಮಾಡಂಗಿಲ್ಲೇನು?" ಅಂದ್ಲು ಆಕಿ.

"ಮಾಡಬಾರದ್ರಿ ಅಮ್ಮಾರ. ಶಂಖ ತಣ್ಣಗಾಗಬೇಕು. ಅಲ್ಲಿ ತನಕ ಕಾಯಬೇಕು."

ಕಾಯ್ದ್ವಿ. ಸಿಳ್ಳು ಸಣ್ಣಗಾತು. ಆಮ್ಯಾಲ ಆಕಿ ತನ್ನ ತೊಡಿ ನೋಡಕೊಂತನ ಮಾತಾಡಿದ್ಲು.

"ಅವರು ಶಿವಾ ಅನ್ನಲಿಲ್ಲ. ಬಂದ್ ಮಾಡಲೇ ಅಂದ್ರು. ಉಸಿರು ಸಿಗವಲ್ಲದು, ಆದ್ರೂ ಅಂದ್ರು. ಅದ ಕಡೀ ಮಾತು."

"ಗೊತ್ತೈತ್ರಿ."

"ಕೇಳಿಸಿತ್ತು ನಿನಗ."

"ಹೌದ್ರಿ. ಅದಕ್ಕ ಬಂದ್ ಮಾಡಿದ್ದೆ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಶಿವಾ ಅಂದ್ರು ಅಂತ ಹೇಳಿದ್ರಲ್ರಿ. ಸ್ವಾಮಿಗಳೂ ಅಂದ್ರು. ನಾನು ಏನಂತ ಹೇಳ್ಲಿ?"

ಆಕಿ ಅಳಲಿಲ್ಲ. "ನಾಳಿಂದ ನಾನ ಎಲ್ಲಾರಿಗೂ ಹೇಳತೀನಿ. ಬಾದನಹಟ್ಟಿಗೂ ಹೋಗಿ ಹೇಳತೀನಿ," ಅಂದ್ಲು.

"ಬ್ಯಾಡ್ರಿ," ಅಂದ ಇವ. "ಆ ಹುಡುಗಿದು ಮದಿವಿ ಆತು. ಸಾವ್ಕಾರರು ಶಿವಾ ಅಂದ್ರು ಅಂತನ ಇರಲಿ."

ಸಿಳ್ಳು ಪೂರಾ ನಿಂತಿತ್ತು. "ಹಂಗಾರ ಈಗ ಬಂದ್ ಮಾಡಪಾ," ಅಂದ್ಲು ಆಕಿ, ಮಗನಿಗೆ ಹೇಳಿದಂಗ. ಮೈದುನನ ಕೈ ಗುಂಡಿ ತನಕ ಹೋತು. ಅಲ್ಲೇ ನಿಂತಿತು. ಎಷ್ಟೊತ್ತಾದ್ರೂ ಎಳೀಲಿಲ್ಲ. ಕಡೀಕ ನಾನು ಬಗ್ಗಿ ಗುಂಡಿ ಎಳದೆ. ಗಾಡಿ ಒಮ್ಮೆ ಜಾಡಿಸಿ ಸುಮ್ಮನಾತು. ಆಕಿ ಅವಾಗ ತೊಡಿ ಮ್ಯಾಲಿಂದ ಕೈ ತಗದ್ಲು.

ಅವ ಹೇಳಲಿಲ್ಲ, ಆಕಿನೂ ಹೇಳಲಿಲ್ಲ. ಗಾಡಿ ಇನ್ನೂ ಬಾಳ ವರ್ಷ ಕುರುಗೋಡಿಗೆ ಓಡಿತು. ದಿನಾ ಮನಿ ಮುಂದ ನಿಂತ ಮ್ಯಾಲ ಅವ ಒಳಗ ಕುಂತ ಇರತಿದ್ದ, ಇಂಜಿನ್ನು ಓಡತಿತ್ತು, ಶಂಖ ತಣ್ಣಗಾಗಿ ಎಷ್ಟೋ ಹೊತ್ತಾದ್ರೂ. ಡೀಸೆಲ್ ಸುಡತಾನ ಅಂತ ಗಂಡ ಒಳಗ ಗೊಣಗತಿದ್ದ, ಹೊರಗ ಬಂದು ಹೇಳತಿದ್ದಿಲ್ಲ. ಬಂದ್ ಮಾಡು ಅನ್ನೋ ಮಾತು ನಮ್ಮ ಮನ್ಯಾಗ ಯಾರೂ ಆಡಲಿಲ್ಲ. ಲೈಟಿದ್ರ ಆರಸು ಅಂತಿದ್ವಿ, ರೇಡಿಯೋ ಇದ್ರ ಸಣ್ಣಗ ಮಾಡು ಅಂತಿದ್ವಿ.

ಈಗ ಆಕಿ ಇಲ್ಲ, ಗಂಡ ಇಲ್ಲ, ಮೈದುನನೂ ಇಲ್ಲ. ಮಿಲ್ಲೂ ಇಲ್ಲ. ಹೇಳಿದ್ರ ಯಾರಿಗೂ ಏನೂ ಕಡಿಮಿ ಆಗಂಗಿಲ್ಲ, ಅದಕ್ಕ ಹೇಳೀನಿ. ಗಾಡಿ ಗುಜರಿಗೆ ಹೋತು, ಹಿಂದಿನ ಸೀಟು ಮಾತ್ರ ನಾನು ಇಳಿಸಿಕೊಂಡೆ. ನಮ್ಮ ಪಡಸಾಲ್ಯಾಗ ಗ್ವಾಡಿಗೆ ಆತು ಇಟ್ಟೀನಿ. ಬಂದವರು ಈಗಲೂ ಆ ತುದಿಗೆ, ಈ ತುದಿಗೆ ಕುಂದರತಾರ. ಮಳಿ ಬಂದ್ರ ತೌಡು ನಾರತೈತಿ. ಮೊದಮೊದಲು ನಾನೂ ತುದಿಗೇ ಕುಂದರತಿದ್ದೆ. ಈಗ ಮೊಣಕಾಲು ಹಿಡದಾವ, ಕಾಲು ಚಾಚಾಕ ಜಾಗ ಬೇಕು. ನಡುವನ ಕುಂದರತೀನಿ. ಅಲ್ಲೇ ಕುಂತು ಬಳ್ಳೊಳ್ಳಿ ಸುಲೀತೀನಿ.