ಚಿಗುರಿದ ಬೇಲಿ

ಬೇಲಿಯ ಗೂಟ ಚಿಗುರಬಾರದು. ಮಿಸಿಸಿಪಿ ದಂಡೆಯ ಆ ಊರಿನಲ್ಲಿ ಕೂಸಿಗೂ ಗೊತ್ತಿದ್ದ ಈ ಸಂಗತಿ ಕೂಲಿಯಾಳು ಅಂಬ್ರೋಜನ ತಲೆಗೆ ಹೋದದ್ದು, ತಾನೇ ನೆಟ್ಟ ಗೂಟದಲ್ಲಿ ಎರಡು ಎಳೆ ಎಲೆ ಕಂಡ ಮಂಗಳವಾರ.

ಊರವರ ಹೊಲಗಳೆಲ್ಲ ಒಂದೇ ಬೇಲಿಯೊಳಗಿದ್ದವು. ತನ್ನ ಹೊಲದ ಎದುರಿನ ಬೇಲಿಗೆ ಆಯಾ ಮನೆಯವರೇ ಹೊಣೆ. ಒಂದು ಕಡೆ ಮುರಿದರೂ ದನ ನುಗ್ಗಿ ಎಲ್ಲರ ಗೋಧಿಯೂ ಹೋದಂತೆಯೇ. ಅದಕ್ಕೇ ಗೂಟ ಕೊಳೆಯದ, ಕಡಿದ ಮೇಲೆ ಚಿಗುರದ ದೇವದಾರಿನದೇ ಆಗಬೇಕು, ತಪ್ಪಿದವರ ಹೊಲ ಬೇರೆಯವರಿಗೆ ಎಂದು ಸ್ಪೇನಿನ ಅಧಿಕಾರಿ ಚರ್ಚಿನ ಬಾಗಿಲಲ್ಲಿ ಓದಿಸಿದ್ದ. ಫ್ರೆಂಚ್ ದೊರೆ ಹೋಗಿ ಸ್ಪೇನಿನವನು ಬಂದರೂ ಜನ ಬೈದುಕೊಳ್ಳುತ್ತಿದ್ದದ್ದು ಫ್ರೆಂಚಿನಲ್ಲೇ. ಬೇಲಿಯ ವಿಷಯಕ್ಕೆ ಮಾತ್ರ ಇಬ್ಬರದೂ ಒಂದೇ ಮನಸ್ಸು.

ವಿಧವೆ ಪೆಲಾಜಿಯ ಪಾಲಿನ ನಲವತ್ತು ಗೂಟ ಬದಲಿಸಲು ಅಂಬ್ರೋಜ್ ಒಪ್ಪಿಕೊಂಡಿದ್ದ. ದೇವದಾರು ಇದ್ದದ್ದು ಗುಡ್ಡದ ಆಚೆ. ಎರಡು ವರ್ಷದ ಹಿಂದೆ ಕೊಡಲಿ ಹಿಡಿದು ಅಲ್ಲಿಗೆ ಹೋದ ಪೆಲಾಜಿಯ ಗಂಡ ಹಿಂದಿರುಗಿರಲಿಲ್ಲ; ಸತ್ತನೆಂದೇ ಊರು ತಿಳಿದಿತ್ತು. ಗುಡ್ಡದ ಬುಡದ ತನಕ ಅಂಬ್ರೋಜ್ ಧೈರ್ಯವಾಗಿಯೇ ಹೋದ. ಅಲ್ಲಿ ಕಡ್ಡಿಯೊಂದು ಲಟಕ್ಕೆಂದಿತು. ಅದು ಮುರಿದದ್ದು ತನ್ನದೇ ಕಾಲಡಿಯಲ್ಲಿ ಎಂದು ಹೊಳೆಯುವಷ್ಟರಲ್ಲಿ ಅವನು ಓಡಿ ಹೊಳೆದಂಡೆ ಸೇರಿಯಾಗಿತ್ತು. ಬಂದದ್ದು ಬಂದಾಯಿತೆಂದು ದಂಡೆಯ ಮೆದು ಮರವನ್ನೇ ಕಡಿದು, ಗುರುತು ಸಿಗದಂತೆ ಮಸಿ ಬಳಿದು ನೆಟ್ಟ.

ಭಾನುವಾರ ಬೇಲಿಯ ತಪಾಸಣೆ. ಅಂಬ್ರೋಜ್ ದಿನವೂ ಕದ್ದು ಹೋಗಿ ಚಿಗುರು ಚಿವುಟಿದ. ಒಂದು ಚಿವುಟಿದರೆ ಮರುದಿನ ಮೂರು. ಉಗುರಿಗೆ ಹತ್ತಿದ ಅಂಟು ಬೂದಿಯಲ್ಲಿ ಉಜ್ಜಿದರೂ ಹೋಗಲಿಲ್ಲ.

ಭಾನುವಾರ ಪೂಜೆ ಮುಗಿಸಿ ಊರೇ ಹೊರಟಿತು. ಬೇಲಿಯ ಮುಖಂಡ, ಮುದುಕ ಲಾಶಾನ್ಸ್, ಒಂದೊಂದೇ ಗೂಟ ಅಲುಗಾಡಿಸುತ್ತ ಮುಂದೆ ನಡೆದ.

"ಏನೋ ಅಂಬ್ರೋಜ, ಈ ಪಾಟಿ ಬೆವರ್ತಿದೀಯ? ಪಾದ್ರಿಗಳು ಹೇಳಿದ ನರಕ ನಿಂಗೊಬ್ಬನಿಗೇ ತಟ್ಟಿತಾ?" ಎಂದ ಮುದುಕ.

"ಅವನನ್ನ ಆಡ್ಕೋಬೇಡಿ," ಎಂದಳು ಪೆಲಾಜಿ. "ಗುಡ್ಡದಾಚೆಗೆ ಒಬ್ಬನೇ ಹೋಗಿ ಬಂದಿದಾನೆ. ವಾಪಸ್ ಬರೋ ತನಕ ನಾನು ಮೇಣದಬತ್ತಿ ಹಚ್ಚಿಟ್ಟು ಕೂತಿದ್ದೆ."

ಪೆಲಾಜಿಯ ಬೇಲಿಯ ಮೂರನೆಯ ಗೂಟದ ಬುಡದಲ್ಲಿ, ಅಂಬ್ರೋಜನ ಕಣ್ಣು ತಪ್ಪಿದ ಒಂದು ಎಲೆ ಗಾಳಿಗೆ ಕುಣಿಯುತ್ತಿತ್ತು. ಲಾಶಾನ್ಸ್ ಅತ್ತ ಬಗ್ಗಿದ.

"ಅಜ್ಜಾ, ಅದು ದೇವದಾರಲ್ಲ," ಎಂದುಬಿಟ್ಟ ಅಂಬ್ರೋಜ್. "ಮದಾಮ್‌ಗೆ ಏನೂ ಗೊತ್ತಿಲ್ಲ. ನಾನು ಗುಡ್ಡ ಹತ್ತಲೇ ಇಲ್ಲ. ಹೆದರ್ಕೊಂಡೆ."

ಊರು ಹೊಟ್ಟೆ ಹಿಡಿದು ನಕ್ಕಿತು. ಪೆಲಾಜಿ ನಗಲಿಲ್ಲ. ಲಾಶಾನ್ಸನೂ ನಗಲಿಲ್ಲ.

"ಮುಂದಿನ ಭಾನುವಾರದ ತನಕ ಟೈಮು. ಆಮೇಲೆ ಹೊಲ ನನ್ನ ಕೈಲಿಲ್ಲಮ್ಮ."

ಸೋಮವಾರ ಬೆಳಿಗ್ಗೆ ಅಂಬ್ರೋಜ್ ಮತ್ತೆ ಗುಡ್ಡದ ಬುಡದಲ್ಲಿ ನಿಂತಿದ್ದ. ಹಿಂದೆ ಕಡ್ಡಿ ಲಟಕ್ಕೆಂದಿತು. ಈ ಸಲ ಅವನ ಕಾಲಡಿಯಲ್ಲಲ್ಲ.

"ಓಡ್ಬೇಡ, ನಾನೇ," ಎಂದಳು ಪೆಲಾಜಿ. ಹೆಗಲ ಮೇಲೆ ಕೊಡಲಿ ಇತ್ತು.

"ನಿಮಗೆ ಭಯ ಇಲ್ವಾ ಮದಾಮ್?"

"ಇದೆ. ಅದಕ್ಕೇ ನೀನು ಮುಂದೆ ನಡಿ."

ನಡೆದ. ಅರ್ಧ ಗುಡ್ಡ ಹತ್ತಿದಾಗ ಮೇಲುಗಡೆ ಇನ್ನೊಂದು ಕಡ್ಡಿ ಮುರಿಯಿತು. ಇಬ್ಬರೂ ನಿಂತರು. ಪೆಲಾಜಿ ಕೊಡಲಿಯನ್ನು ಹೆಗಲಿನಿಂದ ಕೈಗಿಳಿಸಿದಳು. ಅಂಬ್ರೋಜನೇ ಮೊದಲು ಮೇಲಕ್ಕೆ ಕಾಲು ಎತ್ತಿಟ್ಟ.