ಗುಂಡು ಹಾರದ ಕೋಣೆ

ವ್ಲಾಸ್ತಿಮಿಲ್ ಶೆಬೆಸ್ತಾ ಅವರ ಆಲೂಗಡ್ಡೆ ಹೊಲದ ಅಂಚಿನಲ್ಲಿ ಒಂದು ಕಾಂಕ್ರೀಟ್ ಕಾವಲು ಕೋಣೆಯಿದೆ. ನಮ್ಮ ಜೆಕ್ ಗಡಿಯುದ್ದಕ್ಕೂ ಅಂಥವು ಬಹಳ. 1938ರಲ್ಲಿ ಅದರೊಳಗೆ ಅವರ ತಂದೆಯೂ ಸೇರಿ ಏಳು ಸೈನಿಕರಿದ್ದರು. ದೊಡ್ಡ ದೇಶಗಳವರು ಮ್ಯೂನಿಕ್‌ನಲ್ಲಿ ಕೂತು ಈ ಗಡಿಯನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ ಮೇಲೆ, ಏಳೂ ಜನ ಒಂದು ಗುಂಡನ್ನೂ ಹಾರಿಸದೆ ಹೊರಟರು.

ಅಲ್ಲಿ ಯಾರೂ ಸಾಯಲಿಲ್ಲ. ಆದರೂ ಪ್ರತಿ ನವೆಂಬರಿನಲ್ಲಿ, ಊರಿನವರೆಲ್ಲ ಸಮಾಧಿಗಳಿಗೆ ದೀಪ ಹಚ್ಚುವ ದಿನ, ವ್ಲಾಸ್ತಿಮಿಲ್ ಆ ಕೋಣೆಯಲ್ಲಿ ಏಳು ಮೇಣದ ದೀಪ ಹಚ್ಚುತ್ತಿದ್ದರು. ಆಗದ ಸಾವಿಗೆ ದೀಪ ಬೇಡವೆಂದು ನಾನು ಒಮ್ಮೆ ಹೇಳಿದ್ದೆ.

"ಅವತ್ತು ಸಾಯಬೇಕಾಗಿದ್ದೋರು ಕಣಮ್ಮ," ಎಂದಿದ್ದರು.

ನಾನು ಬಿಯರ್ ಅಂಗಡಿಯಲ್ಲಿ ಲೋಟ ತೊಳೆಯುವವಳು. ಉಕ್ರೇನಿನ ಯುದ್ಧ ಶುರುವಾದಾಗಿನಿಂದ ಅಲ್ಲಿ ದಿನವೂ ಜಗಳ.

"ಬಿಟ್ಟುಕೊಟ್ರೆ ಇನ್ನೂ ಕೇಳ್ತಾರೆ. ಮ್ಯೂನಿಕ್ ನೋಡು!" ಎಂದು ವ್ಲಾಸ್ತಿಮಿಲ್ ಮೇಜು ಕುಟ್ಟುತ್ತಿದ್ದರು.

"ನಿಂಗೆ ಎಲ್ಲಾನೂ ಮ್ಯೂನಿಕ್ಕೇ. ನೆಗಡಿ ಬಂದ್ರೂ ಮ್ಯೂನಿಕ್," ಎಂದು ಗೆಳೆಯ ಒಲ್ಡ್ರಿಖ್ ಹಂಗಿಸುವರು. "1914ರಲ್ಲಿ ಎಲ್ರೂ ಬಗ್ಗಲ್ಲ ಅಂದ್ರು, ಮಹಾಯುದ್ಧ ಆಯ್ತು. ನಮ್ಮಜ್ಜ ಹೋದೋನು ಬರ್ಲೇ ಇಲ್ಲ. ಮಾತಾಡೋದೂ ಶರಣಾಗೋದೂ ಒಂದೇ ಏನಯ್ಯಾ?"

ಪಕ್ಕದಲ್ಲಿ ವ್ಲಾಸ್ತಿಮಿಲರ ಮಗ ರಾದಿಮ್ ಕೇಳುತ್ತ ಕುಡಿಯುತ್ತಿದ್ದ. ನಲವತ್ತರ ಬಸ್ ಮೆಕ್ಯಾನಿಕ್, ಎರಡು ಹೆಣ್ಣುಮಕ್ಕಳ ತಂದೆ. ಆ ಶರತ್ಕಾಲದಲ್ಲಿ ಅವನು ಉಕ್ರೇನಿನ ಪರ ಆ ಯುದ್ಧಕ್ಕೆ ಸೇರಲು ಸರ್ಕಾರದ ಅನುಮತಿ ಪತ್ರ ತರಿಸಿಕೊಂಡ.

ದೀಪದ ದಿನ ಮಧ್ಯಾಹ್ನ ವ್ಲಾಸ್ತಿಮಿಲ್ ನನ್ನನ್ನು ಕರೆಯಲು ಬಂದರು. "ನೀನೂ ಬಾರಮ್ಮ. ರಾದಿಮ್ ಅಲ್ಲಿದಾನೆ, ನಿನ್ ಮಾತಾದ್ರೂ ಕೇಳಿಯಾನು."

ಕೋಣೆಯೊಳಗೆ ಗಾಳಿಯಿರಲಿಲ್ಲ. ಆದರೂ ಏಳು ಜ್ವಾಲೆಗಳೂ ಬಂದೂಕಿನ ಕಿಂಡಿಯತ್ತ ಬಾಗಿ ನಿಂತಿದ್ದವು. ಯಾರೋ ಹಿಂದಿನಿಂದ ಮೆಲ್ಲಗೆ ಉಸಿರು ಬಿಡುತ್ತಿದ್ದಂತೆ.

"ಹೋಗ್ಬೇಡ ಕಣೋ," ಎಂದರು ತಂದೆ.

"ಅಪ್ಪಾ, ನೀನೇ ತಾನೇ ಜೀವಮಾನ ಪೂರ್ತಿ ಹೇಳಿದ್ದು? ಇವ್ರು ಗುಂಡು ಹಾರಿಸಬೇಕಿತ್ತು ಅಂತ."

ವ್ಲಾಸ್ತಿಮಿಲ್ ಗೋಡೆ ಹಿಡಿದು ಕುಳಿತರು. "ಸುಳ್ಳು ಹೇಳ್ದೆ. ಆಜ್ಞೆ ಬಂದಾಗ ನಮ್ಮಪ್ಪ ನಕ್ಕನಂತೆ. ಬದುಕಿದ್ವಿ ಅಂತ ಏಳೂ ಜನ ತಬ್ಬಿಕೊಂಡು ನಕ್ಕರಂತೆ. ಸಾಯೋ ಮುಂಚೆ ನಂಗೆ ಹೇಳಿದ. ನಂಗೆ ನಾಚಿಕೆಯಾಯ್ತು, ಮುಚ್ಚಿಟ್ಟೆ. ಅವನು ನಕ್ಕಿದ್ದಕ್ಕೇ ನಾನು ಹುಟ್ಟಿದ್ದು ಕಣೋ. ನೀನೂ."

ರಾದಿಮ್ ಕಿಂಡಿಯತ್ತ ತಿರುಗಿದ. "ಆಮೇಲೆ ಏಳು ವರ್ಷ ಈ ಊರು ನಮ್ಮದಾಗಿರಲಿಲ್ಲ. ಆಗ ಯಾರು ನಕ್ಕರು ಅಪ್ಪಾ?"

ನಾನು ಅವನ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದೆ. ಸೋಮವಾರ ಅವನು ಹೋದ.

ಆಮೇಲೆ ವ್ಲಾಸ್ತಿಮಿಲ್ ಬಿಯರ್ ಅಂಗಡಿಗೆ ಬರಲಿಲ್ಲ. ಕ್ರಿಸ್ಮಸ್ಸಿಗೆ ಮೊದಲು ಹುಡುಕಿಕೊಂಡು ಹೋದೆ. ಹಿಮದಲ್ಲಿ, ಕೋಣೆಯ ಗೋಡೆಗೆ ಕಿವಿಯೊತ್ತಿ ನಿಂತಿದ್ದರು.

"ಒಳಗೆ ನಗ್ತಿದಾರಮ್ಮ."

ನಾನೂ ಕಿವಿಯಿಟ್ಟೆ. ನಗು ಕೇಳಲಿಲ್ಲ. ಕೇಳಿದ್ದು ಉಸಿರು, ಹಲವರದ್ದು, ಏನನ್ನೋ ಕಾಯುವವರದ್ದು. ದೇವರ ಹೆಸರು ಹೇಳುತ್ತ ಎಣಿಸಿದೆ. ಏಳಕ್ಕೆ ಮುಗಿಯಲಿಲ್ಲ. ಎಂಟನೆಯದಕ್ಕೆ ನಿಲ್ಲಿಸಿಬಿಟ್ಟೆ. ಅದನ್ನು ಅವರಿಗೆ ಹೇಳದೆ, ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದೆ.